ಮೊದಲ ಕಚೇರಿಯೇ ಮೇಲಾದಾಗ: ರಸಿಕರಿಗೊಂದು ಕೈಪಿಡಿ

ಒಂದೇ ವೇದಿಕೆಯಲ್ಲಿ ಒಂದೇ ಸಂಜೆ ಎರಡು ಸಂಗೀತ ಕಚೇರಿಗಳು ನಡೆಯುವಾಗ ಆಹ್ವಾನ ಪತ್ರಿಕೆಯಲ್ಲಿ ದಪ್ಪ ಅಕ್ಷರಗಳಲ್ಲಿ ಅಚ್ಚಾಗುವುದು ಎರಡನೆಯ ಕಚೇರಿಯ ವಿದ್ವಾಂಸರ ಹೆಸರು. ಐದು ಗಂಟೆಯ ಸುಮಾರಿಗೆ ಹಾಡುವ ಯುವ ಕಲಾವಿದರ ಹೆಸರು ಅದರ ಮೇಲೆ ಸಣ್ಣದಾಗಿ ಇರುತ್ತದೆ, ಮತ್ತು ಸಭಿಕರಲ್ಲಿ ಹೆಚ್ಚಿನವರು ಬರುವುದು ಆ ಕಚೇರಿ ಮುಗಿಯುವ ಹೊತ್ತಿಗೆ. ಆದರೆ ಆ ಸಂಜೆಯ ಅತ್ಯುತ್ತಮ ಸಂಗೀತ ಅಷ್ಟರಲ್ಲಿ ಹಾಡಿ ಮುಗಿದಿರುವುದು ಅಪರೂಪವಲ್ಲ. ಅಂಥ ಕಚೇರಿಯನ್ನು ಮುಂಚಿತವಾಗಿ ಗುರುತಿಸುವುದು ಹೇಗೆ, ಅದನ್ನು ಕೇಳುವುದು ಹೇಗೆ, ಅದು ನಿಜವಾಗಿಯೂ ಮುಖ್ಯ ಕಚೇರಿಗಿಂತ ಮೇಲಾಗಿತ್ತೋ ಅಥವಾ ಹಾಗೆ ಅನ್ನಿಸಿತೋ ಎಂಬುದನ್ನು ತೀರ್ಮಾನಿಸುವುದು ಹೇಗೆ, ಮೇಲಾಗಿತ್ತು ಎಂದಾದರೆ ಕೇಳುಗರು ಮಾಡಬೇಕಾದುದೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಮೊದಲ ಕಚೇರಿಯನ್ನು ಕಾಲ ಕಳೆಯುವ ಪೀಠಿಕೆಯೆಂದು ಎಣಿಸುವ ಅಭ್ಯಾಸದಿಂದ ಕಲಾವಿದರಿಗಿಂತ ಹೆಚ್ಚು ನಷ್ಟವಾಗುವುದು ಕೇಳುಗರಿಗೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ವ್ಯವಸ್ಥೆ ನಮಗೆ ಹೊಸದಲ್ಲ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1939ರಲ್ಲಿ ಆರಂಭವಾದ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ, ಮೈಸೂರಿನ ಗಣೇಶೋತ್ಸವದ ಕಚೇರಿಗಳು, ಬಡಾವಣೆಗಳ ದೇವಸ್ಥಾನಗಳಲ್ಲಿ ನಡೆಯುವ ಸಂಗೀತ ಸಪ್ತಾಹಗಳು, ಇವುಗಳಲ್ಲಿ ಕಿರಿಯರು ಮೊದಲು ಮತ್ತು ಹಿರಿಯರು ನಂತರ ಹಾಡುವುದು ರೂಢಿ. ಚೆನ್ನೈನ ಡಿಸೆಂಬರ್ ಸಂಗೀತೋತ್ಸವದಲ್ಲಿ ಇದೇ ಕ್ರಮ ಇಡೀ ದಿನಕ್ಕೆ ಹರಡಿಕೊಂಡಿರುತ್ತದೆ. 1928ರಲ್ಲಿ ಸ್ಥಾಪನೆಯಾದ ಅಲ್ಲಿನ ಮ್ಯೂಸಿಕ್ ಅಕಾಡೆಮಿಯೂ ಸೇರಿದಂತೆ ದೊಡ್ಡ ಸಭೆಗಳಲ್ಲಿ ಮಧ್ಯಾಹ್ನದ ಹೊತ್ತು ಕಿರಿಯರಿಗೆ, ಸಂಜೆಯ ಹೊತ್ತು ಹಿರಿಯರಿಗೆ ಮೀಸಲು, ಮತ್ತು ಹಲವು ಸಭೆಗಳಲ್ಲಿ ಮಧ್ಯಾಹ್ನದ ಕಚೇರಿಗಳಿಗೆ ಪ್ರವೇಶ ಉಚಿತ. ಊಟದ ನಂತರದ ಆ ಹೊತ್ತಿನಲ್ಲಿ, ಮುಕ್ಕಾಲು ಭಾಗ ಖಾಲಿಯಿರುವ ಸಭಾಂಗಣದಲ್ಲಿ ನಡೆಯುವ ಕಚೇರಿಗಳನ್ನು ಕೇಳುವುದಕ್ಕೆಂದೇ ಬೆಂಗಳೂರಿನಿಂದ ರೈಲು ಹತ್ತುವ ರಸಿಕರು ಇದ್ದಾರೆ. ಅವರು ಸಂಜೆಯ ಟಿಕೆಟ್ಟಿನ ಹಣ ಉಳಿಸಲು ಹೋಗುವವರಲ್ಲ.

ಕಚೇರಿಯನ್ನು ಆರಿಸಿಕೊಳ್ಳುವುದು

ಎಲ್ಲ ಮೊದಲ ಕಚೇರಿಗಳೂ ಕೇಳಲೇಬೇಕಾದವು ಎಂದು ಹೇಳಲಾಗದು. ಕೆಲವು ಇನ್ನೂ ಪಾಠದ ಹಂತದಲ್ಲಿರುವವರಿಗೆ ಪ್ರೋತ್ಸಾಹಕ್ಕಾಗಿ ಕೊಟ್ಟ ಅವಕಾಶಗಳಾಗಿರುತ್ತವೆ, ಅದರಲ್ಲಿ ತಪ್ಪೂ ಇಲ್ಲ. ಆದ್ದರಿಂದ ಆಹ್ವಾನ ಪತ್ರಿಕೆ ಕೈಗೆ ಬಂದಾಗ ಮೊದಲು ಗಾಯಕರ ಹೆಸರನ್ನಲ್ಲ, ಪಕ್ಕವಾದ್ಯದವರ ಹೆಸರುಗಳನ್ನು ಓದಬೇಕು. ಮೂವತ್ತು ವರ್ಷಗಳಿಂದ ದೊಡ್ಡ ವಿದ್ವಾಂಸರಿಗೆ ನುಡಿಸುತ್ತಿರುವ ಮೃದಂಗ ವಿದ್ವಾಂಸರೊಬ್ಬರು ಇಪ್ಪತ್ತೆರಡರ ಹುಡುಗಿಯ ಐದು ಗಂಟೆಯ ಕಚೇರಿಗೆ ಕೂರಲು ಒಪ್ಪಿದ್ದಾರೆಂದರೆ ಅದಕ್ಕೆ ಸಂಭಾವನೆಯೊಂದೇ ಕಾರಣವಾಗಿರುವುದಿಲ್ಲ. ಆಕೆಯ ಸಂಗೀತದ ಬಗ್ಗೆ ಕಲಾವಿದರ ವಲಯದಲ್ಲಿ ಮಾತು ಆರಂಭವಾಗಿದೆ ಎಂಬುದಕ್ಕೆ ಅದು ಬಲವಾದ ಸೂಚನೆ, ಮತ್ತು ಆ ಮಾತು ಪತ್ರಿಕೆಗಳ ವಿಮರ್ಶೆಗೆ ಬರುವ ಹೊತ್ತಿಗೆ ಎಷ್ಟೋ ತಡವಾಗಿರುತ್ತದೆ.

ಕಲಾವಿದರನ್ನು ಪರೀಕ್ಷಿಸಿ ಆಕಾಶವಾಣಿ ಕೊಡುವ ಶ್ರೇಣಿಯನ್ನು ಪತ್ರಿಕೆಯಲ್ಲಿ ನಮೂದಿಸಿದ್ದರೆ ಅದನ್ನೂ ಗಮನಿಸಬಹುದು. ಬಿ ಹೈ ಶ್ರೇಣಿ ಪಡೆದವರಲ್ಲಿ ಶ್ರುತಿ ಮತ್ತು ಲಯದ ಬುನಾದಿ ಗಟ್ಟಿಯಾಗಿದೆ ಎಂದು ನಂಬಬಹುದೇ ಹೊರತು ಅದಕ್ಕಿಂತ ಹೆಚ್ಚಿನದನ್ನು ಆ ಶ್ರೇಣಿ ಹೇಳುವುದಿಲ್ಲ. ಯೂಟ್ಯೂಬಿನಲ್ಲಿ ಹುಡುಕುವುದಾದರೆ ಎರಡು ನಿಮಿಷದ ಕತ್ತರಿಸಿದ ತುಣುಕುಗಳನ್ನು ಬಿಟ್ಟು, ಯಾವುದಾದರೂ ದೇವಸ್ಥಾನದಲ್ಲಿ ಒಂದೇ ಕ್ಯಾಮೆರಾ ಇಟ್ಟು ಚಿತ್ರೀಕರಿಸಿದ ಪೂರ್ಣ ಕಚೇರಿಯನ್ನು ಹುಡುಕಿ, ಅದರಲ್ಲಿ ಮುಖ್ಯ ರಾಗದ ಆಲಾಪನೆಯ (ತಾಳವಿಲ್ಲದೆ ರಾಗವನ್ನು ವಿಸ್ತರಿಸುವ ಭಾಗದ) ಮೊದಲ ಐದು ನಿಮಿಷಗಳನ್ನು ಮಾತ್ರ ಕೇಳಿದರೆ ಸಾಕು. ತುಣುಕುಗಳಲ್ಲಿ ಎಲ್ಲರೂ ಚೆನ್ನಾಗಿ ಹಾಡುತ್ತಾರೆ.

ಬರುವ ಹೊತ್ತು, ಕೂರುವ ಜಾಗ

ಕಚೇರಿ ಆರಂಭವಾಗುವುದಕ್ಕೆ ಕಾಲು ಗಂಟೆ ಮೊದಲೇ ಬಂದು ಕೂರುವುದು ಒಳ್ಳೆಯದು. ಮೃದಂಗದವರು ರವೆಯನ್ನು ನೀರಿನಲ್ಲಿ ಕಲಸಿ ಎಡಮುಚ್ಚಳದ ನಡುವೆ ಮೆತ್ತುವುದು, ನಂತರ ಸಣ್ಣ ಕಲ್ಲಿನಿಂದಲೋ ಮರದ ಕೊಡತಿಯಿಂದಲೋ ಬಲಗಡೆಯ ಅಂಚನ್ನು ಒಂದೊಂದೇ ಕಡೆ ತಟ್ಟಿ ತಂಬೂರಿಯ ಷಡ್ಜಕ್ಕೆ ಕೂಡಿಸುವುದು ಆ ಹೊತ್ತಿನಲ್ಲೇ. ಈ ಕೆಲಸವನ್ನು ಯುವ ಗಾಯಕರು ಹೇಗೆ ಗಮನಿಸುತ್ತಾರೆ ಎಂಬುದನ್ನು ನೋಡಿ. ಪಿಟೀಲಿನ ತಂತಿ ಕೂಡುವವರೆಗೆ ಕಣ್ಣುಮುಚ್ಚಿ ಶ್ರುತಿಯಲ್ಲಿ ಮುಳುಗಿ ಕುಳಿತವರಿಗೂ ಮೈಕಿನ ಎತ್ತರ ಸರಿಪಡಿಸಿಕೊಳ್ಳುತ್ತಾ ಮೊದಲ ಸಾಲಿನಲ್ಲಿ ಯಾರಿದ್ದಾರೆಂದು ಹುಡುಕುವವರಿಗೂ ಕಚೇರಿಯಲ್ಲಿ ವ್ಯತ್ಯಾಸ ಕಾಣಿಸಿಯೇ ಕಾಣಿಸುತ್ತದೆ.

ಮೊದಲ ಕಚೇರಿಯಲ್ಲಿ ಕೂರುವ ಜಾಗಕ್ಕೆ ಎರಡನೆಯದಕ್ಕಿಂತ ಹೆಚ್ಚಿನ ಮಹತ್ವವಿದೆ. ಜನ ತುಂಬಿದ ಸಭಾಂಗಣದಲ್ಲಿ ಮೈ ಮತ್ತು ಬಟ್ಟೆಗಳು ಧ್ವನಿಯನ್ನು ಹೀರಿಕೊಳ್ಳುತ್ತವೆ. ಖಾಲಿ ಸಭಾಂಗಣದಲ್ಲಿ ಅದೇ ಧ್ವನಿ ಗೋಡೆಗಳಿಗೆ ಬಡಿದು ಹಿಂದಿರುಗಿ ಬಿರ್ಕಾಗಳನ್ನು, ಅಂದರೆ ವೇಗದ ಸ್ವರಗುಚ್ಛಗಳನ್ನು, ಕಲಸಿಬಿಡುತ್ತದೆ, ಹಾಗಾಗಿ ಹಿಂದಿನ ಸಾಲಿನಲ್ಲಿ ಕೂತವರಿಗೆ ಸ್ಪಷ್ಟವಾದ ಗಾಯನವೂ ಅಸ್ಪಷ್ಟವಾಗಿ ಕೇಳಿಸಬಹುದು. ವೇದಿಕೆಗೆ ಹತ್ತಿರವಾಗಿ, ಧ್ವನಿಪೆಟ್ಟಿಗೆಗಳ ನೇರಕ್ಕೆ ಬರದಂತೆ, ನಡುಭಾಗದಲ್ಲಿ ಕೂರಬೇಕು. ಬಯಲಿನ ಪೆಂಡಾಲಿನಲ್ಲಾದರೆ ರಸ್ತೆಯ ಕಡೆಯ ಅಂಚನ್ನು ಬಿಡಬೇಕು, ಏಕೆಂದರೆ ಐದರಿಂದ ಆರೂವರೆಯವರೆಗೆ ವಾಹನಗಳ ಗದ್ದಲ ಅತಿ ಹೆಚ್ಚು. ಆ ಗದ್ದಲವನ್ನು ಮೀರಿ ಹಾಡಬೇಕಾದ ಭಾರವೂ ಮೊದಲ ಕಲಾವಿದರ ಮೇಲೆಯೇ ಬೀಳುತ್ತದೆ. ಧ್ವನಿವ್ಯವಸ್ಥೆಯವರು ಪಿಟೀಲು ಹೆಚ್ಚಿಸಿ, ಮೃದಂಗ ತಗ್ಗಿಸಿ, ಮಾನಿಟರ್ ಸರಿಪಡಿಸಿ ಒಂದು ಹದಕ್ಕೆ ಬರಲು ಮೊದಲ ಹತ್ತು ನಿಮಿಷ ಬೇಕಾಗುವುದರಿಂದ ಕಚೇರಿಯ ಮೊದಲ ರಚನೆಯಾದ ವರ್ಣ ಮುಗಿಯುವವರೆಗೆ ಯಾವ ತೀರ್ಮಾನವನ್ನೂ ಮಾಡಬಾರದು.

ಕೇಳುವುದು

ಇಂದು ನಾವು ಕೇಳುವ ಕಚೇರಿಯ ಚೌಕಟ್ಟನ್ನು ರೂಪಿಸಿದ ಕೀರ್ತಿ ಗಾಯಕ ಅರಿಯಕುಡಿ ರಾಮಾನುಜ ಅಯ್ಯಂಗಾರ್ಯರಿಗೆ ಸಲ್ಲುತ್ತದೆ. ವರ್ಣದಿಂದ ಆರಂಭಿಸಿ, ಚುರುಕಾದ ಕೃತಿಗಳ ಮೂಲಕ ಮುಖ್ಯ ರಾಗಕ್ಕೆ ಬಂದು, ತನಿ ಆವರ್ತನ (ತಾಳವಾದ್ಯದವರು ಮಾತ್ರ ನುಡಿಸುವ ಭಾಗ) ಆದ ಮೇಲೆ ಲಘುವಾದ ರಚನೆಗಳಿಂದ ಮಂಗಳಕ್ಕೆ ಮುಗಿಯುವ ಈ ಕ್ರಮ ಎರಡೂವರೆ ಮೂರು ಗಂಟೆಗಳ ಕಚೇರಿಗೆ ಒಗ್ಗುವಂಥದ್ದು. ಒಂದೂಕಾಲು ಗಂಟೆಯ ಮೊದಲ ಕಚೇರಿಯಲ್ಲಿ ಅದನ್ನೇ ಕುಗ್ಗಿಸಿ ಕೊಡಬೇಕಾಗುತ್ತದೆ: ವರ್ಣ, ಎರಡು ಮೂರು ಕೃತಿಗಳು, ಹತ್ತು ಹನ್ನೆರಡು ನಿಮಿಷದ ಒಂದು ಆಲಾಪನೆ, ಅದರ ಕೃತಿಗೆ ನೆರವಲ್ (ಸಾಹಿತ್ಯದ ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವುದು) ಮತ್ತು ಸ್ವರಕಲ್ಪನೆ (ಸರಿಗಮಗಳನ್ನು ಆ ಕ್ಷಣದಲ್ಲೇ ಕಟ್ಟಿ ಹಾಡುವುದು), ಎಂಟು ಹತ್ತು ನಿಮಿಷದ ತನಿ, ಕೊನೆಗೊಂದು ದೇವರನಾಮ. ಈ ಇಕ್ಕಟ್ಟೇ ಅನೇಕ ಬಾರಿ ಮೊದಲ ಕಚೇರಿಯ ಬಲವಾಗುತ್ತದೆ. ಯಾವುದನ್ನು ಬಿಡಬೇಕೆಂದು ಮನೆಯಲ್ಲೇ ಯೋಚಿಸಿ ಬಂದವರ ಕಚೇರಿಯಲ್ಲಿ ಸಡಿಲವಾದ ಕ್ಷಣಗಳೇ ಇರುವುದಿಲ್ಲ. ಎರಡೂ ಕಚೇರಿಗಳ ಅಂದವನ್ನು ಹೋಲಿಸುವಾಗ ಈ ಅನುಕೂಲವನ್ನು ಲೆಕ್ಕದಲ್ಲಿ ಕಳೆಯಬೇಕು ಎಂಬುದನ್ನು ಈಗಲೇ ಮನಸ್ಸಿನಲ್ಲಿಟ್ಟುಕೊಳ್ಳಿ.

ವರ್ಣದಲ್ಲಿ ನೋಡಬೇಕಾದುದು ಕಾಲಪ್ರಮಾಣ ಒಂದೇ. ಎರಡನೆಯ ಕಾಲಕ್ಕೆ ಹೋದಾಗ ವೇಗ ಸರಿಯಾಗಿ ಇಮ್ಮಡಿಯಾಗುತ್ತದೆಯೇ, ವರ್ಣದ ಸ್ವರಭಾಗಗಳಾದ ಚಿಟ್ಟೆಸ್ವರಗಳಲ್ಲಿ ತಾನಾಗಿಯೇ ಓಟ ಏರಿಬಿಡುತ್ತದೆಯೇ ಎಂಬುದನ್ನು ಗಮನಿಸಿದರೆ ಸಾಕು.

ಆಲಾಪನೆಗೆ ಬಂದಾಗ ರಾಗದ ಗುರುತು ಮೊದಲ ಸಂಚಾರದಲ್ಲೇ (ಸ್ವರಗಳ ಮೊದಲ ಓಡಾಟದಲ್ಲೇ) ಸಿಗಬೇಕು ಎಂಬುದನ್ನು ಎಲ್ಲರೂ ಬಲ್ಲರು. ಯುವ ಕಲಾವಿದರಲ್ಲಿ ಅದಕ್ಕಿಂತ ಮುಖ್ಯವಾಗಿ ಕೇಳಬೇಕಾದುದು ಅವರು ಎಲ್ಲಿ ನಿಲ್ಲುತ್ತಾರೆ ಎಂಬುದನ್ನು. ತೋಡಿಯನ್ನು ತೆಗೆದುಕೊಳ್ಳೋಣ. ಅದರ ಗಾಂಧಾರ ರಿಷಭ ಮಧ್ಯಮಗಳ ನಡುವೆ ತೂಗುತ್ತಲೇ ಜೀವ ಪಡೆಯುವ ಸ್ವರ, ಆ ತೂಗಾಟದ ಅಳತೆಯಲ್ಲಿ ಸ್ವಲ್ಪ ಅವಸರವಾದರೂ ರಾಗ ಒರಟಾಗುತ್ತದೆ. ಆಲಾಪನೆಯ ಎರಡನೆಯ ನಿಮಿಷದಲ್ಲೇ ತಾರ ಷಡ್ಜಕ್ಕೆ ಏರಿ ಚಪ್ಪಾಳೆ ಗಿಟ್ಟಿಸುವುದು ಎಳೆಯ ಕಂಠಕ್ಕೆ ಸುಲಭ. ಆದರೆ ಗಾಂಧಾರದಲ್ಲಿ, ನಂತರ ಧೈವತದಲ್ಲಿ ತಂಗಿ, ಮಂದ್ರಕ್ಕೆ ಒಮ್ಮೆ ಇಳಿದುಬಂದು, ನಡುವೆ ಪಿಟೀಲಿಗೆ ಒಂದು ಉಸಿರಿನಷ್ಟು ಜಾಗ ಬಿಟ್ಟು ಮುಂದುವರಿಯುವುದಕ್ಕೆ ಕಂಠಕ್ಕಿಂತ ಮನಸ್ಸಿನ ಹದ ಬೇಕು. ಆ ತಾಳ್ಮೆ ಕಂಡರೆ ನೀವು ಸರಿಯಾದ ಕಚೇರಿಗೇ ಬಂದಿದ್ದೀರಿ ಎಂದು ತಿಳಿಯಬಹುದು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಕಠಿಣವಾದ ಪರೀಕ್ಷೆ ನೆರವಲ್. ಅದನ್ನು ಕೇಳುವಾಗ ತೊಡೆಯ ಮೇಲೆ ನೀವೂ ತಾಳ ಹಾಕಬೇಕು. ಆದಿತಾಳವಾದರೆ ಒಂದು ಘಾತ (ಅಂಗೈಯಿಂದ ತಟ್ಟುವುದು), ಕಿರುಬೆರಳಿನಿಂದ ಮೂರು ಎಣಿಕೆ, ನಂತರ ಘಾತ ಮತ್ತು ವಿಸರ್ಜಿತ (ಅಂಗೈಯನ್ನು ಮೇಲ್ಮುಖವಾಗಿ ತಿರುಗಿಸುವುದು), ಮತ್ತೆ ಘಾತ ಮತ್ತು ವಿಸರ್ಜಿತ. ಆರಿಸಿಕೊಂಡ ಸಾಹಿತ್ಯದ ಸಾಲು ತಾಳದ ಆರಂಭವಾದ ಸಮದಿಂದ ಅರ್ಧ ಎಣಿಕೆ ಬಿಟ್ಟು ಎತ್ತುವಂಥದ್ದಾಗಿದ್ದರೆ ಪ್ರತಿ ಆವರ್ತಕ್ಕೂ ಮೊದಲ ಪದ ಆ ಅರ್ಧ ಎಣಿಕೆಯ ಜಾಗಕ್ಕೇ ಬರಬೇಕು, ಮತ್ತು ಸಾಲಿನ ನಡುವಿನ ಪದಗಳೂ ಕೃತಿಯಲ್ಲಿ ತಮಗೆ ನಿಗದಿಯಾದ ಎಣಿಕೆಗಳ ಆಸುಪಾಸಿನಲ್ಲೇ ಇರಬೇಕು. ರಾಗ ಬದಲಾಗುತ್ತಾ ಹೋಗಬಹುದು, ಪದ ಒಡೆಯಬಾರದು. ದೇವರ ಹೆಸರನ್ನು ಎರಡು ತುಂಡು ಮಾಡಿ ಮೊದಲರ್ಧವನ್ನು ಒಂದು ಉಸಿರಿನಲ್ಲಿಯೂ ಉಳಿದದ್ದನ್ನು ಇನ್ನೊಂದರಲ್ಲಿಯೂ ಹಾಡಿದಾಗ ಅರ್ಥ ಬಲ್ಲವರಿಗೆ ಎದೆಗೆ ಚುಚ್ಚಿದಂತಾಗುತ್ತದೆ. ಹೆಸರಾಂತ ಕಚೇರಿಗಳಲ್ಲಿಯೂ ಈ ದೋಷ ಕಾಣುವುದರಿಂದ, ಐದು ಗಂಟೆಯ ಹುಡುಗನೊಬ್ಬ ಕೆಳಕಾಲದಲ್ಲಿ ನಾಲ್ಕು ಆವರ್ತ ಹಾಡಿ, ಮೇಲ್ಕಾಲಕ್ಕೆ ಏರಿದ ಮೇಲೂ ಪದಗಳನ್ನು ಇಡಿಯಾಗಿ ಉಳಿಸಿಕೊಂಡರೆ ಅದು ಸಣ್ಣ ಸಾಧನೆಯಲ್ಲ.

ಸ್ವರಕಲ್ಪನೆಯಲ್ಲಿ ಎಚ್ಚರಿಕೆ ಬೇಕು. ಐದೈದರ ಗುಂಪುಗಳನ್ನು ಮೂರು ಬಾರಿ ಹೇಳಿ ಸಾಲು ಎತ್ತಿಕೊಳ್ಳುವ ಜಾಗವಾದ ಎಡುಪಿಗೆ ಕರಾರುವಾಕ್ಕಾಗಿ ಬಂದು ಕೂಡುವ ಮುಕ್ತಾಯಗಳನ್ನು ಮನೆಯಲ್ಲೇ ಕಟ್ಟಿ, ಬಾಯಿಪಾಠ ಮಾಡಿಕೊಂಡು ಬರಬಹುದು. ಅದು ಶ್ರಮದ ಫಲವೇ ಹೊರತು ಮನೋಧರ್ಮ, ಅಂದರೆ ಆ ಕ್ಷಣದ ಕಲ್ಪನೆ, ಅಲ್ಲ. ಇದನ್ನು ಬೇರ್ಪಡಿಸಿ ನೋಡಲು ಪಿಟೀಲಿನ ಕಡೆಗೆ ಕಿವಿ ಕೊಡಬೇಕು. ಪಿಟೀಲಿನವರು ತಮ್ಮ ಸರದಿಯಲ್ಲಿ ಅನಿರೀಕ್ಷಿತವಾದ ಒಂದು ಸಂಚಾರವನ್ನು ತಂದಾಗ ಗಾಯಕರು ಅದನ್ನು ಎತ್ತಿಕೊಂಡು ಮುಂದಿನ ಸರದಿಯಲ್ಲಿ ಬೆಳೆಸಿದರೆ ಅದು ಆ ಕ್ಷಣದಲ್ಲಿ ಹುಟ್ಟಿದ ಸಂಗೀತ. ಪಿಟೀಲಿನಲ್ಲಿ ಏನೇ ಬಂದರೂ ತಾವು ಸಿದ್ಧಪಡಿಸಿಕೊಂಡು ಬಂದ ಮುಂದಿನ ಸ್ವರಗುಚ್ಛವನ್ನೇ ಹಾಡಿದರೆ, ಅದು ಎಷ್ಟೇ ಹೊಳಪಿನದಾಗಿದ್ದರೂ, ಒಪ್ಪಿಸಿದ ಪಾಠ.

ತನಿ ಆವರ್ತನದ ಹೊತ್ತಿನಲ್ಲಿ ಕಾಫಿಗೆ ಎದ್ದುಹೋಗಬಾರದು. ಮೊದಲ ಕಚೇರಿ ಎಂದರೆ ಹಾಡುವವರೊಬ್ಬರದೇ ಅಲ್ಲ. ಅಲ್ಲಿ ಖಂಜಿರವನ್ನೋ ಘಟವನ್ನೋ ನುಡಿಸುವ ಹುಡುಗ ಆ ಸಂಜೆಯ ಅತ್ಯುತ್ತಮ ಕಲಾವಿದನಾಗಿರಬಹುದು, ಮತ್ತು ಆತನಿಗೆ ದೊರೆಯುವುದು ಆ ಐದು ನಿಮಿಷಗಳು ಮಾತ್ರ.

ಬೆರಗಿಗೂ ಮೆಚ್ಚುಗೆಗೂ ಇರುವ ಅಂತರ

ಚಿಕ್ಕ ವಯಸ್ಸಿನವರು ಚೆನ್ನಾಗಿ ಹಾಡಿದಾಗ ಕೇಳುಗರಿಗೆ ಮೊದಲು ಆಗುವುದು ಬೆರಗು. ಅದನ್ನು ಸಂಗೀತದ ಮೌಲ್ಯವೆಂದು ತಿಳಿಯದಿರಲು ಒಂದು ಉಪಾಯವಿದೆ: ಕಣ್ಣುಮುಚ್ಚಿ, ಹಾಡುತ್ತಿರುವವರು ಐವತ್ತು ವರ್ಷದವರೆಂದು ಭಾವಿಸಿ ಹತ್ತು ನಿಮಿಷ ಕೇಳುವುದು. ಆಗಲೂ ಕೇಳಬೇಕೆನ್ನಿಸಿದರೆ ಮೆಚ್ಚುಗೆ ನಿಜವಾದುದು.

ಈ ವಿಷಯದಲ್ಲಿ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರ ಬದುಕು ನಮಗೆ ಹತ್ತಿರದ ಪಾಠ. 1924ರಲ್ಲಿ ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೋಮಕಾಳಿಮಠ ಎಂಬ ಬಾಲಕ ಆಗಿನ ದೊಡ್ಡ ಗಾಯಕರ ಗ್ರಾಮಫೋನ್ ತಟ್ಟೆಗಳನ್ನು ಕೇಳಿ ಹಾಗೆಯೇ ಹಾಡಿಬಿಡುತ್ತಿದ್ದನು. 1936ರಲ್ಲಿ ಮುಂಬೈಯ ಜಿನ್ನಾ ಹಾಲಿನಲ್ಲಿ ಪ್ರೊ. ಬಿ. ಆರ್. ದೇವಧರ್ ಅವರು ಏರ್ಪಡಿಸಿದ್ದ ಸಂಗೀತ ಸಮ್ಮೇಳನದಲ್ಲಿ, ಹಿರಿಯ ಕಲಾವಿದರ ಸಮ್ಮುಖದಲ್ಲಿ, ಈ ಹುಡುಗನ ಗಾಯನಕ್ಕೆ ಇಡೀ ಸಭೆ ಬೆರಗಾಯಿತು. ಆ ಚಪ್ಪಾಳೆಯ ನಂತರ ನಡೆದದ್ದು ಹೆಚ್ಚು ಮುಖ್ಯ. ಬಾಲಕ ಅದೇ ದೇವಧರ್ ಅವರ ಬಳಿ ಉಳಿದು ಹಲವು ವರ್ಷ ಕಲಿತನು, ಅನುಕರಣೆಯನ್ನು ಬಿಟ್ಟು ತನ್ನದೇ ದಾರಿ ಹುಡುಕಿದನು, ಮುಂದೆ ಕುಮಾರ ಗಂಧರ್ವರೆಂದು ನಾವು ಗೌರವಿಸುವ ಸಂಗೀತ ಆ ಹುಡುಕಾಟದಿಂದ ಬಂತು. ಹಾಗಾಗಿ ಯುವ ಕಲಾವಿದರನ್ನು ಕೇಳುವಾಗ ಅವರ ಗುರುಗಳ ಧ್ವನಿಮುದ್ರಿಕೆಯಲ್ಲಿ ಇಲ್ಲದ ಒಂದು ಸಂಚಾರವಾದರೂ ಅವರ ಬಾಯಿಂದ ಬಂತೇ ಎಂದು ಹುಡುಕಬೇಕು. ಒಂದು ಬಂದರೂ ಅವರನ್ನು ಮುಂದಿನ ಬಾರಿ ಕೇಳಲು ಅದು ಸಾಕಾದ ಕಾರಣ.

ಇದರ ವಿರುದ್ಧ ದಿಕ್ಕಿನ ಅಪಾಯವೂ ಇದೆ: ಮೊದಲ ಕಲಾವಿದರು ಮೇಲಾಗಿದ್ದರೂ ಸಭೆ ಅದನ್ನು ಗುರುತಿಸದಿರುವುದು. ಪಾಶ್ಚಾತ್ಯ ರಾಕ್ ಸಂಗೀತದಲ್ಲಿ ಇದಕ್ಕೆ ಪ್ರಸಿದ್ಧವಾದ ನಿದರ್ಶನ 1967ರದು. ಆ ವರ್ಷದ ಜೂನಿನಲ್ಲಿ ಮಾಂಟೆರೇ ಉತ್ಸವದಲ್ಲಿ ಗಿಟಾರ್ ನುಡಿಸಿ ಸಭೆಯನ್ನು ಬೆಚ್ಚಿಬೀಳಿಸಿದ್ದ ಜಿಮಿ ಹೆಂಡ್ರಿಕ್ಸ್, ಮರುತಿಂಗಳೇ ಅಮೆರಿಕದಲ್ಲಿ ಟೆಲಿವಿಷನ್ ಮೂಲಕ ಹದಿಹರೆಯದವರ ಕಣ್ಮಣಿಯಾಗಿದ್ದ ಮಂಕೀಸ್ ತಂಡದ ಕಾರ್ಯಕ್ರಮಗಳಿಗೆ ಮೊದಲ ಕಲಾವಿದನಾಗಿ ನುಡಿಸಬೇಕಾಯಿತು. ಮಂಕೀಸ್‌ಗಾಗಿಯೇ ಬಂದಿದ್ದ ಮಕ್ಕಳು ಆತನ ವಾದನದ ನಡುವೆಯೇ ತಮ್ಮ ಮೆಚ್ಚಿನವರ ಹೆಸರು ಕೂಗುತ್ತಿದ್ದರು, ಕೆಲವೇ ಪ್ರದರ್ಶನಗಳಾದ ಮೇಲೆ ಹೆಂಡ್ರಿಕ್ಸ್ ಆ ಪ್ರವಾಸವನ್ನು ಬಿಟ್ಟು ಹೊರನಡೆದರು. ಸಭಿಕರ ಚಪ್ಪಾಳೆಯನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ ಅಂಥ ವಾದನವೂ ಸೋತಂತೆ ಕಾಣುತ್ತದೆ. ನಮ್ಮ ಪೆಂಡಾಲುಗಳಲ್ಲಿ ಯಾರೂ ಕೂಗುವುದಿಲ್ಲ, ಆದರೆ ಮುಖ್ಯ ಕಚೇರಿಗೆ ಜಾಗ ಹಿಡಿಯಲು ಬಂದವರು ಆಲಾಪನೆಯ ನಡುವೆ ಕುರ್ಚಿ ಎಳೆದು, ಪಕ್ಕದವರನ್ನು ಮಾತನಾಡಿಸುವುದು ಅದಕ್ಕಿಂತ ಬಹಳ ಭಿನ್ನವೇನಲ್ಲ. ನಿಮ್ಮ ಅಭಿಪ್ರಾಯವನ್ನು ಸುತ್ತಲಿನವರ ಗದ್ದಲದಿಂದಲೂ ಮೌನದಿಂದಲೂ ದೂರವಿಟ್ಟು ರೂಪಿಸಿಕೊಳ್ಳಬೇಕು.

ಎರಡನೆಯ ಕಚೇರಿಗೆ ನ್ಯಾಯ ಸಲ್ಲಿಸುವುದು

ಮೊದಲ ಕಚೇರಿ ಮನಸ್ಸು ತುಂಬಿದಾಗ ಎದ್ದು ಮನೆಗೆ ಹೋಗಬೇಕೆನ್ನಿಸುತ್ತದೆ. ಹೋಗಬಾರದು, ಏಕೆಂದರೆ ಎರಡನ್ನೂ ಕೇಳದೆ ಒಂದು ಮೇಲೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಎರಡನೆಯದನ್ನು ಕೇಳುವಾಗ ನೆನಪಿಡಬೇಕಾದ ಮೊದಲ ವಿಷಯ ಶ್ರುತಿ. ಐದು ಮನೆಯ ಎತ್ತರದ ಶ್ರುತಿಯಲ್ಲಿ ಹಾಡಿದ ಹುಡುಗಿಯ ನಂತರ ಒಂದು ಮನೆಯ ತಗ್ಗು ಶ್ರುತಿಯ ಹಿರಿಯ ಗಾಯಕರು ಕುಳಿತಾಗ ಪಿಟೀಲಿನ ತಂತಿಗಳು ಇಳಿಯುತ್ತವೆ, ಮೃದಂಗದವರು ಹೆಚ್ಚು ಶ್ರುತಿಯ ವಾದ್ಯವನ್ನು ಬದಿಗಿಟ್ಟು ತಗ್ಗು ಶ್ರುತಿಯದನ್ನು ತೆಗೆಯುತ್ತಾರೆ. ಆದರೆ ಒಂದೂಕಾಲು ಗಂಟೆಯಿಂದ ಎತ್ತರದ ಷಡ್ಜಕ್ಕೆ ಒಗ್ಗಿದ ನಮ್ಮ ಕಿವಿ ಅಷ್ಟು ಬೇಗ ಇಳಿಯುವುದಿಲ್ಲ. ಮೊದಲ ಕಾಲು ಗಂಟೆ ಎಲ್ಲವೂ ಮಂಕಾಗಿ, ನಿಧಾನವಾಗಿ ಕೇಳಿಸುತ್ತದೆ. ನಡುವಿನ ಬಿಡುವಿನಲ್ಲಿ ಹೊರಗೆ ಹೋಗಿ, ಮೊಬೈಲಿನಲ್ಲಿ ಏನನ್ನೂ ಕೇಳದೆ, ಹತ್ತು ನಿಮಿಷ ಸುಮ್ಮನೆ ನಿಂತು ಬರುವುದು ಇದಕ್ಕೆ ತಕ್ಕಮಟ್ಟಿನ ಪರಿಹಾರ.

ಹಿರಿಯರಿಗೆ ಇರುವ ಅನನುಕೂಲಗಳೂ ಹಲವು. ಯುವ ಕಲಾವಿದರು ತಿಂಗಳುಗಟ್ಟಲೆ ಇದೊಂದೇ ಕಚೇರಿಗೆ ಸಿದ್ಧತೆ ಮಾಡಿರುತ್ತಾರೆ. ಹಿರಿಯರು ಹಿಂದಿನ ಸಂಜೆ ಇನ್ನೊಂದು ಊರಿನಲ್ಲಿ ಹಾಡಿ, ರಾತ್ರಿ ಪ್ರಯಾಣ ಮಾಡಿ, ಪಕ್ಕವಾದ್ಯದವರನ್ನು ವೇದಿಕೆಯಲ್ಲೇ ಮೊದಲ ಬಾರಿ ಕಂಡಿರಬಹುದು. ಮೊದಲ ಕಚೇರಿಯಲ್ಲಿ ವಿಸ್ತರಿಸಿದ ರಾಗವನ್ನು ಮತ್ತೆ ಎತ್ತದಿರುವುದು ಸೌಜನ್ಯವಾದ್ದರಿಂದ, ಕಿರಿಯರು ಕಲ್ಯಾಣಿ ಹಾಡಿ ಇಳಿದಿದ್ದರೆ ಹಿರಿಯರು ತಾವು ಯೋಚಿಸಿಕೊಂಡು ಬಂದದ್ದನ್ನು ಬಿಟ್ಟು ಬೇರೆ ಹುಡುಕಬೇಕಾಗುತ್ತದೆ. ಇವೆಲ್ಲವನ್ನೂ ಕಳೆದ ಮೇಲೆ, ಮುಖ್ಯ ರಾಗ ಮುಗಿಯುವವರೆಗೆ ಕುಳಿತು ಕೇಳಿದ ಮೇಲೆ, ಹಿರಿಯರ ಸಂಗೀತದಲ್ಲಿ ಅಭ್ಯಾಸಬಲವೊಂದೇ ಉಳಿದಿದೆ, ಕಿರಿಯರದರಲ್ಲಿ ಹುಡುಕಾಟವಿತ್ತು ಎಂದು ನಿಮಗೆ ಅನ್ನಿಸಿದರೆ ಆ ಅನಿಸಿಕೆಯನ್ನು ನಂಬಿ. ಹೆಸರಿನ ಭಾರಕ್ಕೆ ಅದನ್ನು ಅದುಮಿಟ್ಟುಕೊಳ್ಳಬೇಕಾಗಿಲ್ಲ. ಅನೇಕ ಸಲ ಇದು ತಿರುವುಮುರುವಾಗುವುದೂ ಉಂಟು: ತನಿ ಮುಗಿದ ಮೇಲೆ ಹಿರಿಯರು ದಾಸರ ಕಿರುರಚನೆಯಾದ ಒಂದು ಉಗಾಭೋಗವನ್ನು ಮೂರೇ ನಿಮಿಷ ಹಾಡಿ, ಇಡೀ ಸಂಜೆಯ ಲೆಕ್ಕವನ್ನೇ ಬದಲಿಸಿಬಿಡುತ್ತಾರೆ.

ಹಿಂದೂಸ್ತಾನಿ ವೇದಿಕೆಯಲ್ಲಿ

ಧಾರವಾಡ, ಹುಬ್ಬಳ್ಳಿ, ಕುಂದಗೋಳ, ಗದಗಗಳ ಕಡೆಯ ಓದುಗರಿಗೆ ಇಲ್ಲಿ ಒಂದು ಪ್ರತ್ಯೇಕ ಮಾತು ಹೇಳಬೇಕು. ಕುಂದಗೋಳದ ಗಾಯಕ ಸವಾಯಿ ಗಂಧರ್ವರ ನೆನಪಿನಲ್ಲಿ ಅವರ ಶಿಷ್ಯ ಭೀಮಸೇನ ಜೋಶಿಯವರು 1953ರಲ್ಲಿ ಪುಣೆಯಲ್ಲಿ ಆರಂಭಿಸಿದ ಮಹೋತ್ಸವದಲ್ಲಿಯೂ, ನಮ್ಮ ಉತ್ತರ ಕರ್ನಾಟಕದ ಪುಣ್ಯತಿಥಿ ಕಾರ್ಯಕ್ರಮಗಳಲ್ಲಿಯೂ ಹಿರಿತನಕ್ಕೆ ಅನುಗುಣವಾಗಿ ಸರದಿ ನಡೆಯುತ್ತದೆ, ಅತ್ಯಂತ ಹಿರಿಯರು ಕೊನೆಗೆ ಕೂರುತ್ತಾರೆ. ಹಿಂದೆ ಅಹೋರಾತ್ರಿ ನಡೆಯುತ್ತಿದ್ದ ಬೈಠಕ್ಕುಗಳಲ್ಲಿ ಕೊನೆಯ ಗಾಯಕರಿಗೆ ಬೆಳಗಿನ ರಾಗಗಳಾದ ಲಲತ್, ಭಟಿಯಾರ್, ತೋಡಿಗಳು ಸಿಗುತ್ತಿದ್ದವು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರ ನಂತರ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ, ವರ್ಷದ ಕೆಲವೇ ದಿನಗಳಿಗೆ ಮಧ್ಯರಾತ್ರಿಯವರೆಗೆ ವಿನಾಯಿತಿ ಇದೆ. ಇದರಿಂದ ಹಿರಿಯರು ತಡರಾತ್ರಿಯ ರಾಗಗಳಾದ ಮಾಲಕಂಸ, ದರಬಾರಿಗಳ ಹೊತ್ತು ಪೂರ್ತಿಯಾಗಿ ಕೂಡಿಬರುವ ಮುನ್ನವೇ ಹಾಡಿ ಮುಗಿಸಬೇಕಾದ ಸಂದರ್ಭಗಳು ಬರುತ್ತವೆ.

ಮೊದಲು ಕೂರುವವರಿಗಾದರೋ ಸಂಜೆಯ ರಾಗಗಳ ಸಂಪತ್ತೆಲ್ಲ ತೆರೆದಿರುತ್ತದೆ. ನಾಲ್ಕೂವರೆಗೆ ಮುಲ್ತಾನಿ, ಪಟದೀಪ, ಮಧುವಂತಿ; ಹೊತ್ತು ಮುಳುಗುವಾಗ ಮಾರವಾ, ಪೂರಿಯಾ, ಶ್ರೀ, ಪೂರಿಯಾ ಧನಾಶ್ರೀ. ಕೆಲಸ ಮುಗಿಸಿ ಏಳು ಗಂಟೆಗೆ ಬರುವವರು ಈ ರಾಗಗಳನ್ನು ಪ್ರತ್ಯಕ್ಷವಾಗಿ ಕೇಳುವುದೇ ಇಲ್ಲ, ಅವರ ಪಾಲಿಗೆ ಸಂಗೀತ ಯಮನ್‌ನಿಂದ ಆರಂಭವಾಗುತ್ತದೆ. ಯುವ ಗಾಯಕರು ಮಾರವಾ ಎತ್ತಿಕೊಂಡರೆ ವಿಶೇಷವಾಗಿ ಗಮನವಿಟ್ಟು ಕೇಳಬೇಕು. ಪಂಚಮವೇ ಇಲ್ಲದ, ಷಡ್ಜವನ್ನು ಆದಷ್ಟು ದೂರವಿಟ್ಟು ಕೋಮಲ ರಿಷಭ ಮತ್ತು ಶುದ್ಧ ಧೈವತಗಳ ಮೇಲೆ ನಿಲ್ಲಬೇಕಾದ ರಾಗವದು. ನಿಧಾನಗತಿಯ ವಿಲಂಬಿತ ಏಕತಾಲದಲ್ಲಿ ಅದನ್ನು ಅರ್ಧ ಗಂಟೆ ಹಿಡಿದು ನಿಲ್ಲಿಸಿ, ಕೊನೆಗೊಮ್ಮೆ ಷಡ್ಜಕ್ಕೆ ಬಂದಾಗ ಸಭೆ ಉಸಿರು ಬಿಡುವಂತೆ ಮಾಡಿದವರು ಮುಂದೆ ಯಾರು ಬಂದು ಏನೇ ಹಾಡಿದರೂ ಮರೆಯಾಗುವುದಿಲ್ಲ.

ಕಚೇರಿ ಏರ್ಪಡಿಸುವವರಲ್ಲಿ ನೀವೂ ಒಬ್ಬರಾಗಿದ್ದರೆ

ಬಡಾವಣೆಯ ಉತ್ಸವ ಸಮಿತಿಗಳಲ್ಲಿರುವವರಿಗೆ ಕೆಲವು ಮಾತುಗಳು. ಮುಖ್ಯ ಅತಿಥಿಗಳು ತಡವಾಗಿ ಬಂದರೆಂದು ಮೊದಲ ಕಚೇರಿಯನ್ನು ನಡುವೆಯೇ ನಿಲ್ಲಿಸಿ ಶಾಲು, ಹಾರ, ಫಲತಾಂಬೂಲ, ಭಾಷಣಗಳನ್ನು ಮುಗಿಸಿ, ನಂತರ ಉಳಿದ ಹದಿನೈದು ನಿಮಿಷದಲ್ಲಿ ಹಾಡಿ ಮುಗಿಸುವಂತೆ ಚೀಟಿ ಕಳಿಸುವುದು ನಮ್ಮಲ್ಲಿ ಎಷ್ಟು ಸಾಮಾನ್ಯವೆಂದರೆ ಅದರ ಕ್ರೌರ್ಯ ಯಾರಿಗೂ ತಟ್ಟುವುದಿಲ್ಲ. ಸನ್ಮಾನ ಇರುವ ದಿನ ಅದನ್ನು ಎರಡು ಕಚೇರಿಗಳ ನಡುವಿನ ಬಿಡುವಿಗೆ ನಿಗದಿ ಮಾಡಿ, ಆ ಬಿಡುವನ್ನು ಅರ್ಧ ಗಂಟೆಗೆ ಹೆಚ್ಚಿಸಿ. ಮೊದಲ ಕಚೇರಿಗೂ ಧ್ವನಿಪರೀಕ್ಷೆಗೆ ಸಮಯ ಕೊಡಿ. ಇಬ್ಬರೂ ಕಲಾವಿದರು ಮುಖ್ಯ ರಾಗ ಯಾವುದೆಂದು ಹಿಂದಿನ ದಿನವೇ ಪರಸ್ಪರ ತಿಳಿದುಕೊಳ್ಳುವಂತೆ ಒಂದು ದೂರವಾಣಿ ಕರೆ ಮಾಡಿಸಿ. ಆಹ್ವಾನ ಪತ್ರಿಕೆಯಲ್ಲಿ ಎರಡೂ ಹೆಸರುಗಳನ್ನು ಒಂದೇ ಗಾತ್ರದ ಅಕ್ಷರಗಳಲ್ಲಿ ಹಾಕಿದರೆ ಹಿರಿಯ ವಿದ್ವಾಂಸರು ಮುನಿಸಿಕೊಳ್ಳುತ್ತಾರೆಂಬ ಭಯ ಬೇಡ. ನಿಜವಾದ ವಿದ್ವಾಂಸರು ಒಳಗಿನ ಕೋಣೆಯಲ್ಲಿ ಕುಳಿತು ಮೊದಲ ಕಚೇರಿಯನ್ನು ಕೇಳುತ್ತಿರುತ್ತಾರೆ.

ಮುಗಿದ ಮೇಲೆ ಮಾಡಬೇಕಾದುದು

ಮೊದಲ ಕಚೇರಿಯ ಕಲಾವಿದರನ್ನು ಕಂಡು ಮಾತನಾಡುವಾಗ ‘ಮುಖ್ಯ ಕಚೇರಿಗಿಂತ ನಿಮ್ಮದೇ ಚೆನ್ನಾಗಿತ್ತು’ ಎಂದು ಹೇಳಲೇಬಾರದು. ಆ ಮಾತು ಅವರನ್ನು ಸಂಕಟಕ್ಕೆ ಸಿಲುಕಿಸುತ್ತದೆ, ಏಕೆಂದರೆ ಹಿರಿಯರು ಅವರ ಗುರುಗಳ ಸ್ನೇಹಿತರೋ, ಸ್ವತಃ ಗುರುಗಳೋ ಆಗಿರುವ ಸಾಧ್ಯತೆಯೇ ಹೆಚ್ಚು. ಬದಲಿಗೆ ನಿರ್ದಿಷ್ಟವಾದುದನ್ನು ಹೇಳಬೇಕು: ‘ಧೈವತದಲ್ಲಿ ನೀವು ನಿಂತ ಆ ಜಾಗ, ನೆರವಲ್ ಮೇಲ್ಕಾಲಕ್ಕೆ ಹೋದಾಗಲೂ ಪದ ಉಳಿಸಿಕೊಂಡದ್ದು, ಎರಡೂ ಮನಸ್ಸಿಗೆ ಬಂತು.’ ಸಾಮಾನ್ಯವಾದ ಹೊಗಳಿಕೆಯನ್ನು ಅವರು ಎಲ್ಲೆಡೆ ಕೇಳಿರುತ್ತಾರೆ; ಇಂಥ ಮಾತು ಅವರ ಮುಂದಿನ ಸಾಧನೆಗೆ ಆಧಾರವಾಗುತ್ತದೆ. ಅನುಮತಿ ಇಲ್ಲದೆ ಚಿತ್ರೀಕರಿಸಿದ ತುಣುಕನ್ನು ಹೊಗಳುವ ಉತ್ಸಾಹದಲ್ಲಿ ವಾಟ್ಸಾಪ್ ಗುಂಪುಗಳಿಗೆ ಹಾಕುವುದೂ ಬೇಡ, ಎರಡು ಕಚೇರಿಗಳ ತುಣುಕುಗಳನ್ನು ಅಕ್ಕಪಕ್ಕ ಜೋಡಿಸಿ ಹೋಲಿಸುವುದಂತೂ ಬೇಡವೇ ಬೇಡ.

ಹೋಲಿಕೆಯನ್ನು ಹೇಳಬೇಕಾದ ಜಾಗ ಸಮಿತಿಯ ಕಾರ್ಯದರ್ಶಿಗಳ ಬಳಿ. ಸಭೆಗಳಿಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಕುರ್ಚಿ, ಫ್ಯಾನು, ಕ್ಯಾಂಟೀನಿನ ಬಗ್ಗೆ ಇರುತ್ತವೆ. ಸಂಗೀತದ ಬಗ್ಗೆ ಬರೆದ ಅರ್ಧ ಪುಟದ ಪತ್ರವನ್ನು ಅವರು ಖಂಡಿತ ಓದುತ್ತಾರೆ. ಕಲಾವಿದರ ಹೆಸರು, ದಿನಾಂಕ, ಹಾಡಿದ ಮುಖ್ಯ ರಾಗ, ನಿಮಗೆ ಮೆಚ್ಚುಗೆಯಾದ ಎರಡು ಅಂಶಗಳು, ಮುಂದಿನ ವರ್ಷ ಅವರಿಗೆ ಎರಡೂವರೆ ಗಂಟೆಯ ಕಚೇರಿ ಕೊಡಬೇಕೆಂಬ ಕೋರಿಕೆ, ಇಷ್ಟಿದ್ದರೆ ಸಾಕು. ದೇಣಿಗೆ ಕೊಡುವವರಾದರೆ ರಸೀದಿ ಪಡೆಯುವಾಗ ಅದೇ ಮಾತನ್ನು ಬಾಯಿಂದಲೂ ಹೇಳಿ. ನಿಮ್ಮದೇ ಪುಸ್ತಕದಲ್ಲಿಯೂ ಈ ವಿವರಗಳನ್ನು ಬರೆದಿಟ್ಟುಕೊಂಡು, ಮರುವರ್ಷದ ಆಹ್ವಾನ ಪತ್ರಿಕೆ ಬಂದಾಗ ತೆರೆದು ನೋಡಿ. ಅವರ ಹೆಸರು ಮತ್ತೆ ಅದೇ ಐದು ಗಂಟೆಗೇ ಇದ್ದರೆ ಇನ್ನೊಂದು ಪತ್ರ ಬರೆಯಿರಿ, ಮತ್ತು ಈ ಸಲ ನಿಮ್ಮ ಜೊತೆಗೆ ಕುಳಿತು ಕೇಳಿದ ನಾಲ್ವರ ಸಹಿಯನ್ನೂ ಹಾಕಿಸಿ.